ಯಾರ ಕಡೆಯವಳೂ ಅಲ್ಲ

ಓಟಿನ ದಿನ ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯ ಶಾಲೆಗೆ ಹೋಗುವ ರಸ್ತೆಯಲ್ಲಿ ಪಾರ್ಟಿಗಳು ಮೇಜು ಹಾಕುತ್ತವೆ. ಶಾಲೆಯ ಗೇಟಿನಿಂದ ಇಷ್ಟು ದೂರ ಇರಬೇಕೆಂದು ಕಾಯಿದೆ ಇರುವುದರಿಂದ ಎಲ್ಲ ಮೇಜುಗಳೂ ಹಿಟ್ಟಿನ ಗಿರಣಿಯ ಮುಂದೆ ಒಂದಕ್ಕೊಂದು ತಾಗಿಕೊಂಡು ಕೂರುತ್ತವೆ. ಪ್ರತಿ ಮೇಜಿನ ಮೇಲೂ ಮತದಾರರ ಪಟ್ಟಿ, ಒಂದು ಸ್ಕೇಲು, ಒಂದು ಪೆನ್ಸಿಲು. ಹೋಗಿ ಹೆಸರು ಹೇಳಿದರೆ ಕ್ರಮಸಂಖ್ಯೆ ಮತ್ತು ಕೋಣೆಯ ನಂಬರು ಬರೆದ ಚೀಟಿ ಕೊಡುತ್ತಾರೆ. ನೀವು ಯಾವ ಮೇಜಿಗೆ ಹೋದಿರಿ ಎಂಬುದನ್ನು ಉಳಿದ ಮೇಜಿನವರು ನೋಡುತ್ತಿರುತ್ತಾರೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾವ ಮೇಜಿಗೂ ಹೋಗದೆ, ನಂಬರನ್ನು ಮನೆಯಲ್ಲೇ ಬರೆದುಕೊಂಡು, ರಸ್ತೆಯ ಆಚೆ ಬದಿಯಿಂದ ನಡೆದು ಹೋಗಿ ಓಟು ಹಾಕಿ ಬಂದವಳು. ಅದೊಂದು ದೊಡ್ಡ ಸಾಧನೆ ಎಂದು ಬಹಳ ದಿನ ನಂಬಿದ್ದೆ.

ಆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಏನಿದೆ ಎಂದು ತಿಳಿದದ್ದು ಅಡುಗೆಮನೆಯ ನಲ್ಲಿ ಸೋರತೊಡಗಿದಾಗ. ನಮ್ಮ ಬಿಲ್ಡಿಂಗಿನ ಹಿಂದಿನ ಚಾಳ್‌ನಲ್ಲಿ ವಿಜಯಪುರದ ಕಡೆಯ ಪ್ಲಂಬರ್ ಒಬ್ಬನಿದ್ದಾನೆ. ವರ್ಷವೆಲ್ಲ ನಲ್ಲಿ ರಿಪೇರಿ ಮಾಡುತ್ತಾನೆ, ಚುನಾವಣೆ ಬಂದಾಗ ಪಾರ್ಟಿಯ ಮೇಜಿನಲ್ಲಿ ಕೂರುತ್ತಾನೆ. ಅವತ್ತು ಸ್ಪ್ಯಾನರ್ ಹುಡುಕುತ್ತ ಅವನು ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟ ಸಾಮಾನುಗಳಲ್ಲಿ ಪಟ್ಟಿಯೂ ಇತ್ತು. ನೋಡಬಾರದಿತ್ತು, ನೋಡಿದೆ. ನಮ್ಮ ಬಿಲ್ಡಿಂಗಿನವರ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಕೆಲವಕ್ಕೆ ರೈಟು, ಕೆಲವಕ್ಕೆ ಇಂಟು. ಒಂದೇ ಒಂದು ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ. ಅದು ನನ್ನದು. ಅದರ ಮೇಲಿನ ಸಾಲಿನಲ್ಲಿ ಅಮ್ಮನ ಹೆಸರಿಗೆ ದಪ್ಪನೆಯ ರೈಟು.

"ನಮ್ಮಮ್ಮ ನಿಮಗೆ ಓಟು ಹಾಕ್ತೀನಿ ಅಂದಳಾ?" ಎಂದು ಕೇಳಿದೆ.

"ಅಮ್ಮಾರು ಏನೂ ಹೇಳಿಲ್ರಿ ಅಕ್ಕಾರ. ಆದ್ರ ಚಾ ಕೊಡ್ತಾರ. ಚಾ ಕೊಡೋ ಮಂದಿಗೆ ನಾವು ರೈಟ್ ಹಾಕ್ತೀವಿ."

"ಅವಳು ಬಂದವರಿಗೆಲ್ಲ ಕೊಡ್ತಾಳಪ್ಪ."

"ಹಂಗಂದ್ರ ಎಲ್ಲಾರ ಲಿಸ್ಟಿನ್ಯಾಗೂ ರೈಟ್ ಇರ್ತದ. ಇರ್ಲಿ ಬಿಡ್ರಿ," ಎಂದು ಅವನು ನಲ್ಲಿಗೆ ವಾಷರ್ ಹಾಕತೊಡಗಿದ. ನಾನು ಚಹಾ ಕೊಡದವಳು ಎಂಬುದು ಅವನ ಮಾತಿನಲ್ಲೇ ಇತ್ತು.

ಆ ಪ್ಲಂಬರನ ಮೇಲೆ ನನಗೆ ಕೋಪ ಬರುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನು ಕೂರುವ ಪಾರ್ಟಿ ಆಫೀಸು ನಮ್ಮ ಗೇಟಿನ ಪಕ್ಕದಲ್ಲೇ, ಹಳೆಯ ಪಂಪ್ ರೂಮಿನಲ್ಲಿದೆ. ಈ ಕೆಲವೇ ವರ್ಷಗಳಲ್ಲಿ ಅದರ ಬೋರ್ಡು ಮೂರು ಸಲ ಬದಲಾಗಿದೆ. ಪಾರ್ಟಿ ಒಡೆಯಿತು, ಒಡೆದದ್ದು ಇನ್ನೊಂದರ ಜೊತೆ ಸೇರಿತು, ಸೇರಿದ್ದು ಮತ್ತೆ ಮುನಿಸಿಕೊಂಡಿತು. ಒಳಗಿನ ಫ್ಯಾನು ಅದೇ, ಪ್ಲಾಸ್ಟಿಕ್ ಕುರ್ಚಿಗಳು ಅವೇ, ಪ್ಲಂಬರನೂ ಅವನೇ. ಒಮ್ಮೆ ತಡೆಯಲಾರದೆ, ನಾಚಿಕೆ ಆಗುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವನು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ಪಾರ್ಟಿ ಬದಲಾಗ್ತಾವ್ರಿ ಅಕ್ಕಾರ. ಲಿಸ್ಟ್ ಬದಲಾಗಂಗಿಲ್ಲ. ನಾ ಲಿಸ್ಟ್ ಕಡೆಯಾಂವ," ಎಂದ. ನಾನು ಲಿಫ್ಟಿನ ಗುಂಡಿ ಒತ್ತಿದೆ.

ನಾನು ಹೀಗಾದದ್ದಕ್ಕೆ ನಮ್ಮಪ್ಪ ಕಾರಣ. ಮೈಸೂರಿನ ಕಡೆಯಿಂದ ಬಂದು ಪರೇಲಿನ ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪ, ಸಂಜೆಯಾದರೆ ಒಂದು ಪಾರ್ಟಿಯ ಆಳು. ಕರಪತ್ರ ಬರೆಯುವುದು, ಮೀಟಿಂಗಿಗೆ ಜಮಖಾನೆ ಹಾಸುವುದು, ಎದುರು ಪಾರ್ಟಿಯವರನ್ನು ಊಟದ ಹೊತ್ತಿನಲ್ಲೂ ಬಯ್ಯುವುದು. ಆ ಎದುರು ಪಾರ್ಟಿಯಲ್ಲಿದ್ದ ತಮ್ಮ ಬಾಲ್ಯದ ಗೆಳೆಯನ ಮಗಳ ಮದುವೆಗೂ ಹೋಗಲಿಲ್ಲ. ಒಂದು ದಿನ ಬೆಳಿಗ್ಗೆ ಪೇಪರು ಬಂತು: ಅಪ್ಪನ ಪಾರ್ಟಿ, ಅವರು ಬಯ್ಯುತ್ತಿದ್ದ ಪಾರ್ಟಿಯ ಜೊತೆ ಸೇರಿ ಸರ್ಕಾರ ಮಾಡಿತ್ತು. ಅಪ್ಪ ಪೇಪರನ್ನು ಮಡಚಿಟ್ಟು ಸ್ನಾನಕ್ಕೆ ಹೋದರು. ಆಮೇಲೆ ಯಾವ ಮೀಟಿಂಗಿಗೂ ಹೋಗಲಿಲ್ಲ, ಆ ಗೆಳೆಯನ ಮನೆಗೂ ಹೋಗಲಿಲ್ಲ; ಹೋಗಲು ಮುಖವಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಓಟು ಯಾರಿಗೆ ಎಂದು ಕೇಳುವುದಿಲ್ಲ. ಅಪ್ಪ ಹೋದ ಮೇಲೂ ಅಮ್ಮ ಮತ್ತು ನಾನು ಆ ಪದ್ಧತಿಯನ್ನು ಬಿಡಲಿಲ್ಲ.

ಹಾಗೆಂದು ನಾನು ಕಣ್ಣು ಮುಚ್ಚಿಕೊಂಡು ಓಟು ಹಾಕುವವಳಲ್ಲ. ಪ್ರತಿ ಸಲವೂ ನಿಂತವರೆಲ್ಲರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಯಾರು ಏನು ಮಾಡಿದರು, ಏನು ಮಾಡುತ್ತೇನೆಂದು ಮಾಡಲಿಲ್ಲ, ಕೋರ್ಟಿನಲ್ಲಿ ಏನಿದೆ, ಎಲ್ಲವನ್ನೂ ಓದಿ ಒಂದೊಂದೇ ಹೆಸರನ್ನು ಹೊಡೆದುಹಾಕುತ್ತ ಬಂದು ಕೊನೆಗೆ ಉಳಿದವರಿಗೆ ಒತ್ತುತ್ತೇನೆ. ಹಾಗೆ ಉಳಿದವರು ಗೆದ್ದದ್ದು ಎರಡು ಸಲ. ಅದರಲ್ಲಿ ಒಬ್ಬರು ಗೆದ್ದ ಆರು ತಿಂಗಳಿಗೆ ನಾನು ಮೊದಲು ಹೊಡೆದುಹಾಕಿದ್ದ ಪಾರ್ಟಿಗೆ ಹೋದರು. ಆ ದಿನ ನನಗೆ ಸಿಟ್ಟು ಕೂಡ ಬರಲಿಲ್ಲ, ಸುಸ್ತಾಯಿತು ಅಷ್ಟೇ.

"ಗಂಡು ನೋಡೋದ್ರಲ್ಲೂ ಹೀಗೇ ಮಾಡ್ದೆ ನೀನು," ಎನ್ನುತ್ತಾಳೆ ಅಮ್ಮ ನೋಟ್‌ಬುಕ್ಕು ಕಂಡಾಗಲೆಲ್ಲ. "ಅಳೆದೂ ಸುರಿದೂ ಎಲ್ಲರನ್ನೂ ಹೊಡೆದುಹಾಕ್ದೆ. ಕೊನೇಗೆ ಉಳಿದೋನು ಕಾದೂ ಕಾದೂ ಬೇರೆಯವಳನ್ನ ಮದುವೆ ಆದ."

ವಿಕ್ರೋಳಿಯ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದೆ. ಅಲ್ಲಿ ಎರಡು ಯೂನಿಯನ್ನುಗಳು, ಕ್ಯಾಂಟೀನಿನಲ್ಲಿ ಎರಡು ಸಾಲು ಮೇಜುಗಳು. ನಾನು ಕೈ ತೊಳೆಯುವ ತೊಟ್ಟಿಯ ಪಕ್ಕದ ಮೇಜಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದೆ. ಈ ಕಡೆಯವರು ನನ್ನನ್ನು ಆ ಕಡೆಯವಳೆಂದರು, ಆ ಕಡೆಯವರು ಈ ಕಡೆಯವಳೆಂದರು. ಈಗ ರಿಟೈರಾದ ಮೇಲೆ ಬಿಲ್ಡಿಂಗಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಅದೇ ಕತೆ. ಸುಳ್ಳು ಸುದ್ದಿಯೊಂದನ್ನು ಸುಳ್ಳೆಂದು ಬರೆದರೆ ನಾಲ್ಕು ಜನ ನನ್ನನ್ನು ಒಂದು ಪಾರ್ಟಿಗೆ ಸೇರಿಸುತ್ತಾರೆ. ಮರುದಿನ ಇನ್ನೊಂದು ಸುಳ್ಳನ್ನು ಸುಳ್ಳೆಂದರೆ ಬೇರೆ ನಾಲ್ಕು ಜನ ಇನ್ನೊಂದಕ್ಕೆ ಸೇರಿಸುತ್ತಾರೆ. ಚುನಾವಣೆಗೆ ನಿಂತವರೇ ಇಷ್ಟು ಬೇಗ ಪಕ್ಷ ಬದಲಿಸುವುದಿಲ್ಲ. ಈಗ ಬರೆಯುವುದನ್ನೇ ಬಿಟ್ಟಿದ್ದೇನೆ.

ಹೀಗಿರುವಾಗ ಮತದಾರರ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ಕೆಲಸ ಬಂತು. ಒಬ್ಬ ಶಾಲಾ ಮಾಸ್ತರರು ಮನೆ ಮನೆಗೆ ಬಂದು ಒಬ್ಬೊಬ್ಬರಿಗೆ ಒಂದೊಂದು ಫಾರ್ಮ್ ಕೊಟ್ಟು ಹೋದರು. ತುಂಬಿ, ಸಹಿ ಮಾಡಿ, ವಾಪಸು ಕೊಡಬೇಕು. ಕೊಡದಿದ್ದರೆ ಹೆಸರು ಉಳಿಯುವುದು ಕಷ್ಟ ಎಂದೂ ಹೇಳಿದರು. ನಾನು ಅಮ್ಮನದನ್ನೂ ನನ್ನದನ್ನೂ ಅವತ್ತೇ ತುಂಬಿದೆ. ಆದರೆ ಮಾಸ್ತರರು ಅವನ್ನು ವಾಪಸು ತೆಗೆದುಕೊಳ್ಳಲು ಕೂತದ್ದು ಎಲ್ಲಿ? ಆ ಪಂಪ್ ರೂಮಿನಲ್ಲಿ. ಪಾಪ, ಅವರಿಗೆ ಕೂರಲು ಬೇರೆ ಜಾಗವಿರಲಿಲ್ಲ. ಅಲ್ಲಿ ಫ್ಯಾನಿತ್ತು, ಕುರ್ಚಿಯಿತ್ತು, ಮನೆಗಳ ಗುರುತು ಹೇಳಲು ಪ್ಲಂಬರನಿದ್ದ.

ನಾನು ಒಳಗೆ ಹೋಗಲಿಲ್ಲ. ಮೂವತ್ತು ವರ್ಷ ಯಾವ ಪಾರ್ಟಿಯ ಹೊಸಿಲನ್ನೂ ದಾಟದವಳು ಒಂದು ಕಾಗದ ಕೊಡಲು ದಾಟುವುದೇ? ವಾರ್ಡ್ ಆಫೀಸಿಗೇ ಹೋಗಿ ಕೊಡುತ್ತೇನೆ ಎಂದುಕೊಂಡೆ. ಅಮ್ಮ ಮಾತ್ರ ತನ್ನ ಫಾರ್ಮನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಲು ಹಿಡಿದು, ಲಿಫ್ಟಿನಲ್ಲಿ ಇಳಿದಳು. ಹೊರಡುವ ಮುಂಚೆ, "ನಿಂದೂ ಕೊಡೇ, ಒಟ್ಟಿಗೆ ಕೊಟ್ಟು ಬರ್ತೀನಿ," ಎಂದಳು. ನಾನು ಕೊಡಲಿಲ್ಲ. "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಹೋದವಳು ಅರ್ಧ ಗಂಟೆ ಬಿಟ್ಟು ಬಂದಳು. ಅಲ್ಲಿ ಅವಳಿಗೇ ಚಹಾ ಕೊಟ್ಟಿದ್ದರಂತೆ.

ನಾನು ವಾರ್ಡ್ ಆಫೀಸಿಗೆ ಹೋದದ್ದು ಒಂದು ಶನಿವಾರ. ಆವತ್ತು ರಜೆ, ನನಗೆ ನೆನಪಿರಲಿಲ್ಲ. ಫಾರ್ಮ್ ಚೀಲದಲ್ಲೇ ಉಳಿಯಿತು. ಆ ಹೊತ್ತಿಗೇ ಅಮ್ಮನ ಕಣ್ಣು ಕೆಟ್ಟಿತು. ಎದುರಿಗಿರುವವರ ಮುಖದ ನಡುಭಾಗವೇ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ ಎನ್ನುತ್ತಿದ್ದಳು. ಎಂಬತ್ತಮೂರು ವರ್ಷದವಳನ್ನು ಟ್ಯಾಕ್ಸಿಯಲ್ಲಿ ಪರೇಲಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಟೋಕನ್ ಹಿಡಿದು ಕೂರುವುದು, ಕಣ್ಣಿಗೆ ಇಂಜೆಕ್ಷನ್, ಮತ್ತೆ ಎರಡು ವಾರಕ್ಕೆ ಅದೇ. ಇನ್ನು ಇರುವ ದೃಷ್ಟಿ ಉಳಿದರೆ ಸಾಕು ಎಂದು ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆ ಚೀಲದಲ್ಲೇ ನನ್ನ ಫಾರ್ಮೂ ಇತ್ತು, ಕೊನೆಯ ದಿನ ಯಾವಾಗಲೋ ದಾಟಿಹೋಗಿತ್ತು.

ಹೊಸ ಪಟ್ಟಿಯನ್ನು ಪಂಪ್ ರೂಮಿನ ಗೋಡೆಗೇ ಅಂಟಿಸಿದ್ದರು. ಒಂದು ಸಂಜೆ ತರಕಾರಿ ತರುವಾಗ ಪ್ಲಂಬರ್ ಒಳಗಿನಿಂದ ಕೂಗಿದ. "ಅಕ್ಕಾರ, ನಿಮ್ಮ ಹೆಸರು ಬಂದಿಲ್ರಿ! ಇನ್ನೂ ಟೈಮ್ ಅದ. ಒಳಗ ಬರ್ರಿ, ಒಂದು ಫಾರ್ಮ್ ತುಂಬೂಣು, ಐದು ಮಿನಿಟಿನ ಕೆಲಸ."

ಆಗ ನನಗೆ ಏನನ್ನಿಸಿತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಇದು ನನ್ನನ್ನು ಒಳಗೆ ಕರೆಯುವ ಉಪಾಯ, ನಾಳೆ ಇದನ್ನೇ ಹೇಳಿಕೊಂಡು ಓಟು ಕೇಳುತ್ತಾನೆ ಎಂದುಕೊಂಡೆ. ಇಷ್ಟು ವರ್ಷ ಇದ್ದ ಹೆಸರು ಹೇಗೆ ಹೋದೀತು? ತಪ್ಪು ಓದಿರುತ್ತಾನೆ. "ನಾನು ನೋಡ್ಕೊತೀನಿ," ಎಂದು ಹೇಳಿ, ಗೋಡೆಯ ಕಡೆ ತಿರುಗಿಯೂ ನೋಡದೆ ಬಂದೆ. ಗೋಡೆ ನೋಡಿದರೂ ಅವನ ಮಾತು ಕೇಳಿದಂತಾಗುತ್ತದೆ ಎಂಬ ಜಂಬ.

ಓಟಿನ ದಿನ ಬಂತು. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲರನ್ನೂ ಹೊಡೆದುಹಾಕಿ ಒಂದೇ ಹೆಸರು ಉಳಿದಿತ್ತು. ಅಮ್ಮ ಬೆಳಿಗ್ಗೆ ಆರಕ್ಕೇ ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು, ಗುರುತಿನ ಚೀಟಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಆಸ್ಪತ್ರೆ ಬಿಟ್ಟರೆ ಮೂರು ತಿಂಗಳಿಂದ ಅವಳು ಎಲ್ಲಿಗೂ ಹೋಗಿರಲಿಲ್ಲ.

ಹಿಟ್ಟಿನ ಗಿರಣಿಯ ಹತ್ತಿರ ನಾನು ಎಂದಿನಂತೆ ಆಚೆ ಬದಿಗೆ ಹೋಗಲು ನೋಡಿದೆ. ಅಮ್ಮ ಕೈ ಎಳೆದಳು. "ನಲ್ಲಿಯವನ ಮೇಜೆಲ್ಲಿ? ಅವನನ್ನ ಮಾತಾಡಿಸದೆ ಹೋದ್ರೆ ಚೆನ್ನಾಗಿರಲ್ಲ." ಹೀಗೆ ಜೀವನದಲ್ಲಿ ಮೊದಲ ಸಲ ನಾನು ಪಾರ್ಟಿಯೊಂದರ ಮೇಜಿನ ಮುಂದೆ ನಿಂತೆ. ಅವನು ಎದ್ದು ಅಮ್ಮನಿಗೆ ಕುರ್ಚಿ ಕೊಟ್ಟ. ಪಟ್ಟಿಯ ಮೇಲೆ ಸ್ಕೇಲಿಟ್ಟು ಅವಳ ಹೆಸರು ಹುಡುಕಿ ಚೀಟಿ ಬರೆದ. ಆಮೇಲೆ ಸ್ಕೇಲನ್ನು ಒಂದು ಸಾಲು ಕೆಳಗೆ ಸರಿಸಿ ನನಗೆ ತೋರಿಸಿದ. ಅಮ್ಮನ ಕೆಳಗೆ ಎದುರು ಮನೆಯವರ ಹೆಸರಿತ್ತು. ನನ್ನ ಹೆಸರಿರಲಿಲ್ಲ. ಪ್ರಶ್ನೆ ಚಿಹ್ನೆ ಹಾಕಲಾದರೂ ಹೆಸರು ಬೇಕಲ್ಲ, ಅದೂ ಇರಲಿಲ್ಲ.

"ಅವತ್ತೇ ಹೇಳಿದ್ನೆಲ್ರಿ ಅಕ್ಕಾರ," ಎಂದ. ದನಿಯಲ್ಲಿ ಗೆದ್ದೆನೆಂಬ ಭಾವ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗೆಲ್ಲಿಸಲೂ ಆಗದ, ಸೋಲಿಸಲೂ ಆಗದ ಒಂದೇ ಒಂದು ಓಟು. ಆದರೆ ಆ ಒಂದರ ಮೇಲೆಯೇ ನಾನು ನನ್ನ ಇಡೀ ಬಿಗುಮಾನವನ್ನು ಕಟ್ಟಿದ್ದೆ. ಅದನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಚೀಲದಲ್ಲಿಟ್ಟುಕೊಂಡು ನಾನೇ ಕಳೆದಿದ್ದೆ.

ಪ್ಲಂಬರನೇ ಮುಂದಿನದನ್ನು ಯೋಚಿಸಿದ. "ಅಮ್ಮಾರಿಗೆ ಕಣ್ಣು ಕಾಣಂಗಿಲ್ಲ, ಜೋಡಿ ಒಬ್ರು ಹೋಗಿ ಗುಂಡಿ ಒತ್ತಬಹುದು, ಕಾಯ್ದೆ ಅದ. ನಿಮ್ಮ ಹೆಸರಿಲ್ಲ, ನಿಮಗ ಬಿಡ್ತಾರೋ ಇಲ್ಲೋ. ನಾ ಬರ್ಲೇನ್ರಿ ಅಮ್ಮಾರ?"

"ಬೇಡಪ್ಪ," ಎಂದಳು ಅಮ್ಮ. "ಇವಳೇ ಬರ್ತಾಳೆ."

ಒಳಗೆ ಅಧಿಕಾರಿ ನಮ್ಮಿಬ್ಬರನ್ನೂ ನೋಡಿ, ಅಮ್ಮನ ಕಣ್ಣಿನ ಮುಂದೆ ಕೈ ಆಡಿಸಿ, ಕೈಪಿಡಿಯ ಪುಟ ತಿರುವಿದರು. ನನ್ನ ಹೆಸರು ಪಟ್ಟಿಯಲ್ಲಿಲ್ಲ ಎಂದು ನಾನೇ ಹೇಳಿದೆ. ಅವರು ಮರಾಠಿಯಲ್ಲಿ, ಜೊತೆಗೆ ಬರುವವರಿಗೆ ಹದಿನೆಂಟು ತುಂಬಿದ್ದರೆ ಸಾಕು ಎಂದರು. ಅರವತ್ತರ ಹೊಸ್ತಿಲಲ್ಲಿರುವ ನಾನು ತುಂಬಿದೆ ಎಂದೆ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಈ ಮತದಾರರ ಪರವಾಗಿ ಹಾಕುವ ಓಟನ್ನು ಗುಟ್ಟಾಗಿಡುತ್ತೇನೆ. ಅಮ್ಮನಿಗೆ ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿದರು. ಜೊತೆಗೆ ಬಂದವರಿಗೆ ಬಲಗೈಗೆ ಎಂದು ನನ್ನ ಬಲಗೈ ಹಿಡಿದು ಹಚ್ಚಿದರು.

ರಟ್ಟಿನ ಮರೆಯ ಹಿಂದೆ ನಾವಿಬ್ಬರೂ ನಿಂತೆವು. ನಾನು ಬಗ್ಗಿ ಅಮ್ಮನ ಕಿವಿಯಲ್ಲಿ ಒಂದೊಂದೇ ಹೆಸರು ಓದಿದೆ. ಒಂದು ಹೆಸರು ಬಂದಾಗ ಅವಳು ನನ್ನ ಮೊಣಕೈ ಒತ್ತಿದಳು. "ಅದೇ," ಎಂದಳು.

ಅದು ಯಾವುದು ಎಂದು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹೆಸರು ಅದಲ್ಲ ಎಂದಷ್ಟೇ ಹೇಳಿದರೆ ತಪ್ಪಾಗಲಾರದು. ನಾನು ಹೊಡೆದುಹಾಕಿದ ಹೆಸರುಗಳಲ್ಲಿ ಮೊದಲನೆಯದು. ಯಾಕೆ ಎಂದು ಕೇಳಬೇಕೆನಿಸಿತು. ನಮ್ಮ ಮನೆಯಲ್ಲಿ ಕೇಳುವುದಿಲ್ಲ.

ನಾನು ಬೆರಳೆತ್ತಿದೆ. ಅಮ್ಮನಿಗೆ ಕಾಣುವುದಿಲ್ಲ. ಯಾವ ಗುಂಡಿ ಒತ್ತಿದರೂ ಯಂತ್ರ ಕೂಗುವುದು ಒಂದೇ ರೀತಿ. ಗಾಜಿನ ಹಿಂದೆ ಚೀಟಿ ಕಾಣಿಸಿಕೊಂಡು ಬೀಳುತ್ತದೆ, ಅದನ್ನು ಓದುವವಳು ನಾನೊಬ್ಬಳೇ. ವಾರಗಟ್ಟಲೆ ಕೂತು ಓದಿದ್ದು ನಾನು, ಅಳೆದದ್ದು ನಾನು. ಯಾರೋ ಬಂದು ಚಹಾ ಕುಡಿದು ಹೋದರೆಂದು ಇವಳು ಆ ಹೆಸರು ಹೇಳುತ್ತಿರಬಹುದು. ಇಷ್ಟೆಲ್ಲ ನಾನು ಅಲ್ಲಿ ನಿಂತು ಯೋಚಿಸಿದೆ. ಶಾಯಿ ಇನ್ನೂ ಒಣಗದ ಬೆರಳು ಹೋಗಿ ನಿಂತದ್ದು ನನ್ನ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹೆಸರಿನ ಗುಂಡಿಯ ಮೇಲೆ.

"ಆಯ್ತಾ?" ಎಂದು ಅಮ್ಮ ಕೇಳಿದಳು.

"ಇಲ್ಲಮ್ಮ, ಇರು," ಎಂದೆ. ಬೆರಳನ್ನು ತೆಗೆದೆ. ಅವಳು ಹೇಳಿದ ಗುಂಡಿಯನ್ನು ಹುಡುಕಿ ಒತ್ತಿದೆ. ಯಂತ್ರ ಕೂಗಿತು. ಚೀಟಿಯಲ್ಲಿ ಬಂದದ್ದು ಅವಳು ಹೇಳಿದ ಹೆಸರೇ ಎಂದು ನೋಡಿದೆ, ಬೀಳುವವರೆಗೂ ನೋಡಿದೆ.

ಮನೆಗೆ ಬಂದು ಅವಳ ತಟ್ಟೆಗೆ ಉಪ್ಪಿಟ್ಟು ಬಡಿಸಿದೆ. ಅವಳು ಬೆರಳಿನ ಶಾಯಿಯನ್ನು ಕಣ್ಣಂಚಿಗೆ ಹಿಡಿದು ನೋಡಿಕೊಂಡಳು. ನನ್ನ ಕೈಯನ್ನೂ ಎಳೆದು ಹಾಗೆಯೇ ನೋಡಿದಳು.

"ನಾಳೆ ಹೋಗಿ ಆ ಫಾರ್ಮ್ ತುಂಬಿಬಿಡು," ಎಂದಳು. "ಪಂಪ್ ರೂಮಲ್ಲೇ ಆದ್ರೂ ಸರಿ. ಜಂಬ ಸಾಕು."

"ತುಂಬ್ತೀನಿ."

"ಆ ನಲ್ಲಿಯವನು ಒಳ್ಳೆಯವನೇ ಕಣೇ. ಆದ್ರೆ ನಾನು ಏನೇ ಹೇಳಿದ್ರೂ ಅವನ ಕೈ ಅವನ ಕಡೆಗೇ ಹೋಗತ್ತೆ. ಬಿಲ್ಡಿಂಗಲ್ಲಿ ಯಾರನ್ನ ಕರ್ಕೊಂಡು ಹೋಗಿದ್ರೂ ಅಷ್ಟೇ. ನೀನೊಬ್ಳೇ ಯಾರ ಕಡೆಯವಳೂ ಅಲ್ಲ. ನಾನು ಹೇಳಿದ್ದನ್ನೇ ಒತ್ತುತ್ತೀಯ ಅಂತ ನಂಗೆ ಗೊತ್ತಿತ್ತು. ಅದಕ್ಕೇ ಅವನನ್ನ ಬೇಡ ಅಂದೆ."

ಇಷ್ಟು ವರ್ಷದಲ್ಲಿ ನಾನು ಹೀಗಿರುವುದಕ್ಕೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದ್ದು ಅದೇ ಮೊದಲು. ಅವಳಿಗೆ ಇನ್ನೊಂದು ಚಮಚ ಉಪ್ಪಿಟ್ಟು ಹಾಕಿ ಅಡುಗೆಮನೆಗೆ ಹೋದೆ. ನಲ್ಲಿ ತಿರುಗಿಸಿ ಬಲಗೈ ಬೆರಳನ್ನು ಬಹಳ ಹೊತ್ತು ಉಜ್ಜಿದೆ. ಹೋಗುವ ಶಾಯಿ ಅಲ್ಲ ಎಂದು ಗೊತ್ತಿತ್ತು. ಅವಳು "ಆಯ್ತಾ?" ಎಂದು ಕೇಳಿದಾಗ ಆ ಬೆರಳು ಎಲ್ಲಿತ್ತು ಎಂದು ಅಮ್ಮನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.